ಪಹಣಿಯಲ್ಲಿ ಇಲ್ಲದ ಹೆಸರು

ಚಪ್ಪಲಿ ಇಲ್ಲೇ ಬಿಡಿ. ಗದ್ದೆಯಂಚು ಜಾರುತ್ತದೆ, ಬರಿಗಾಲಿನ ಬೆರಳನ್ನು ಮಣ್ಣಿಗೆ ಒತ್ತಿ ಹಿಡಿದರೆ ಮಾತ್ರ ನಿಲ್ಲಬಹುದು. 2025ರ ಜುಲೈ, ಬೆಳಗಿನ ಆರೂವರೆ. ಕಾರವಾರ ತಾಲೂಕಿನ ಚಿತ್ತಾಕುಲದ ಮೇಲೆ ರಾತ್ರಿಯಿಡೀ ಹೊಯ್ದ ಮಳೆ ಈಗಷ್ಟೇ ಹನಿ ಕಡಿಮೆ ಮಾಡಿದೆ. ಅತ್ತ ಸದಾಶಿವಗಡದ ಗುಡ್ಡ ಅರ್ಧ ಮೋಡದೊಳಗೆ ಮುಳುಗಿದೆ. ಇತ್ತ ಹೆದ್ದಾರಿಯಲ್ಲಿ ಗೋವೆಯ ಕಡೆ ಹೋಗುವ ಲಾರಿಗಳ ಸದ್ದು. ನಡುವೆ ಕೆಸರಿನ ಗದ್ದೆ, ಅದರಲ್ಲಿ ಬಗ್ಗಿ ನಿಂತ ಐದು ಬೆನ್ನುಗಳು.

ಐದರಲ್ಲಿ ನಾಲ್ಕು ಬೆನ್ನು ಮುಯ್ಯಾಳಿನವು. ಇವತ್ತು ಇವರ ಗದ್ದೆಗೆ ಅವರು, ನಾಳೆ ಅವರ ಗದ್ದೆಗೆ ಇವರು. ಐದನೆಯದು ಈ ಮನೆಯ ಸೊಸೆಯದು. ತಲೆಯಿಂದ ಮೊಣಕಾಲಿನ ತನಕ ಪ್ಲಾಸ್ಟಿಕ್ ಕೊಪ್ಪೆ. ಎಡಗೈಯಲ್ಲಿ ಅಗೆಯ ಕಟ್ಟು, ಬಲಗೈ ಮೂರು ನಾಲ್ಕು ಸಸಿ ಬಿಡಿಸಿಕೊಂಡು ಕೆಸರಿಗೆ ಊರುತ್ತದೆ, ಮತ್ತೆ ಬಿಡಿಸುತ್ತದೆ, ಮತ್ತೆ ಊರುತ್ತದೆ. ಒಂದು ಹೆಜ್ಜೆ ಹಿಂದೆ. ನಿಮ್ಮ ಕಡೆ ತಿರುಗಿದಾಗ ಅವಳ ಕಿವಿ ನೋಡಿ. ಓಲೆ ಇರಬೇಕಾದ ತೂತಿನಲ್ಲಿ ಹಿಡಿಕಡ್ಡಿಯ ಚೂರು ಸಿಕ್ಕಿಸಿದ್ದಾಳೆ, ತೂತು ಮುಚ್ಚಿಕೊಳ್ಳದಿರಲಿ ಎಂದು. ಆ ಕಡ್ಡಿಯನ್ನು ನೆನಪಿಟ್ಟುಕೊಳ್ಳಿ. ಈ ಮನೆಗೆ ದುಡ್ಡು ಬಂತೋ ಇಲ್ಲವೋ ಎಂಬ ಲೆಕ್ಕ ಬ್ಯಾಂಕಿನ ಪುಸ್ತಕಕ್ಕಿಂತ ಮೊದಲು ಅಲ್ಲಿ ಬರೆದಿರುತ್ತದೆ.

ಈ ಮನೆಯವರ ಹೆಸರು ಕೇಳಬೇಡಿ. ಕಾಳಿ ನದಿಯ ದಂಡೆಯ ನಾಲ್ಕಾರು ಮನೆಗಳ ಮಾತು, ಪಾಸ್‌ಬುಕ್ಕು, ಪೆಟ್ಟಿಗೆಗಳನ್ನು ತಂದು ಒಂದೇ ಸೂರಿನಡಿ ಇಟ್ಟಿದ್ದೇನೆ. ಅಜ್ಜಿ ಇದ್ದಾಳೆ, ಎಪ್ಪತ್ತು ದಾಟಿದ್ದಾಳೆ. ಅವಳ ಮಗ ಗೋವೆಯಲ್ಲಿ ಗಾಡಿ ಓಡಿಸುತ್ತಾನೆ, ಉಳುಮೆಗೆ ಎರಡು ದಿನ ರಜೆ ಹಾಕಿ ಬಂದು ಹೋದ. ಸೊಸೆ ಇದ್ದಾಳೆ. ಸೆಕೆಂಡ್ ಪಿಯುಸಿ ಓದುವ ಮೊಮ್ಮಗಳು, ಒಂಬತ್ತನೇ ಕ್ಲಾಸಿನ ಮೊಮ್ಮಗ ಇದ್ದಾರೆ. ಒಂದೂವರೆ ಎಕರೆ ಗದ್ದೆ, ಒಂದು ದನ, ಹಿತ್ತಿಲಲ್ಲಿ ಐದಾರು ತೆಂಗು. ಮನೆಯೊಳಗೆ ಕೊಂಕಣಿ, ಬಸ್ಸಿನಲ್ಲಿ, ಪಂಚಾಯತಿಯಲ್ಲಿ, ಶಾಲೆಯಲ್ಲಿ ಕನ್ನಡ.

ಅಜ್ಜಿ ಸಸಿಮಡಿಯ ಹತ್ತಿರ ಮಣೆ ಹಾಕಿಕೊಂಡು ಅಗೆ ಕೀಳುತ್ತಿದ್ದಾಳೆ. ಬಗ್ಗಿ ನೆಡುವ ಶಕ್ತಿ ಸೊಂಟಕ್ಕಿಲ್ಲ, ಕೂತು ಕೀಳುವ ಶಕ್ತಿ ಬೆರಳಿಗಿದೆ. ಅಷ್ಟರಲ್ಲಿ ಮನೆಯ ಕಡೆಯಿಂದ ಮೊಮ್ಮಗಳು ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಅಂಚಿನ ಮೇಲೆ ಓಡಿಬರುತ್ತಾಳೆ. ಇವತ್ತು ಅವಳಿಗೆ ಮಳೆ ರಜೆ.

"ಆಜಿ, ಮೆಸೇಜ್ ಬಂತು."

"ಪಯ್ಶೆ ಆಯ್ಲೆ?" ಎಂದು ಅಜ್ಜಿ ಕೈಯ ಕೆಸರನ್ನು ಸೀರೆಗೆ ಒರೆಸಿಕೊಳ್ಳುತ್ತಾಳೆ. ದುಡ್ಡು ಬಂತಾ?

"ಬಂತು. ಎರಡು ಸಾವಿರ. ಒಂದೇ ಕಂತು."

ಗದ್ದೆಯಲ್ಲಿ ಐದೂ ಬೆನ್ನು ಒಮ್ಮೆಲೇ ನೆಟ್ಟಗಾಗುತ್ತವೆ. ಮುಯ್ಯಾಳಿಗೆ ಬಂದ ಹೆಂಗಸರಲ್ಲಿ ಇಬ್ಬರು ಅಂಚಿಗೆ ಬಂದು ತಮ್ಮ ಮೊಬೈಲು ತೆಗೆದು ನೋಡುತ್ತಾರೆ. ಒಬ್ಬಳಿಗೆ ಬಂದಿದೆ. ಇನ್ನೊಬ್ಬಳು ಪರದೆ ಒರೆಸಿ ಮತ್ತೊಮ್ಮೆ ನೋಡಿ, ಏನೂ ಹೇಳದೆ ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಸರಿಗೆ ಇಳಿಯುತ್ತಾಳೆ.

ಈಗ ಮನೆಯೊಳಗೆ ಬನ್ನಿ. ಅಜ್ಜಿ ಮಂಚದ ಕೆಳಗಿನ ತಗಡಿನ ಪೆಟ್ಟಿಗೆ ಎಳೆಯುತ್ತಿದ್ದಾಳೆ. ಪಾಸ್‌ಬುಕ್ಕು ತಳದಲ್ಲಿರುವುದರಿಂದ ಮೇಲಿನದ್ದೆಲ್ಲ ಹೊರಗೆ ಬರುತ್ತದೆ. ಗೆದ್ದಲು ಅಂಚು ತಿಂದ ಒಂದು ಹಳೆಯ ಕಾಗದವನ್ನು ಅವಳು ಎರಡೂ ಕೈಯಲ್ಲಿ ಎತ್ತಿ ಚಾಪೆಯ ಮೇಲಿಡುತ್ತಾಳೆ. ಅದು ಭೂ ನ್ಯಾಯ ಮಂಡಳಿಯ ಆದೇಶ. ದೇವರಾಜ ಅರಸರ ಕಾಲದ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ, ಗೇಣಿ ಮಾಡುತ್ತಿದ್ದ ಸಾವಿರಾರು ಜನರಂತೆ ಅವಳ ಗಂಡನೂ ಫಾರ್ಮ್ ನಂಬರ್ 7 ತುಂಬಿ 'ಡಿಕ್ಲರೇಷನ್' ಕೊಟ್ಟಿದ್ದ. ಒಂದೂವರೆ ಎಕರೆ ಅವನ ಹೆಸರಿಗಾಯಿತು.

ಈ ಕಾಗದ ಸುಮ್ಮನೆ ಬಂದದ್ದಲ್ಲ. 1930ರಲ್ಲಿ ಪಕ್ಕದ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹವಾಯಿತು. ಅದರ ಬೆನ್ನಿಗೇ ಅಂಕೋಲೆ, ಸಿದ್ದಾಪುರ ತಾಲೂಕಿನ ರೈತರು ಕರ ಕೊಡುವುದಿಲ್ಲ ಎಂದು ನಿಂತು, ಗದ್ದೆ ಮನೆ ಜಪ್ತಿಯಾಗುವುದನ್ನು ಕಣ್ಣಾರೆ ಕಂಡರು. ಆಗ ಸರ್ಕಾರ ಎಂದರೆ ಮನೆಗೆ ಬಂದು ತೆಗೆದುಕೊಂಡು ಹೋಗುವ ಕೈ. ಆಮೇಲೆ ಅಂಕೋಲೆಯವರೇ ಆದ ದಿನಕರ ದೇಸಾಯಿ ರೈತಕೂಟ ಕಟ್ಟಿ, ಉಳುವವನೇ ಹೊಲದೊಡೆಯ ಎಂದು ಊರೂರಿಗೆ ಹೇಳುತ್ತ ಹೋದರು. ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಹೊರಗೆ ಹಾಕಿತು. ಅವರ ಚುಟುಕಗಳು ಎಲ್ಲರಿಗೂ ಗೊತ್ತು, ಗೇಣಿದಾರರ ಪರವಾಗಿ ಅವರು ತಿರುಗಿದ ದಾರಿ ಮರೆತುಹೋಗುತ್ತಿದೆ. ಆ ದಾರಿಯ ಕೊನೆಯಲ್ಲಿ ಸಿಕ್ಕಿದ್ದು ಅಜ್ಜಿಯ ಚಾಪೆಯ ಮೇಲಿನ ಈ ಕಾಗದ.

ಅದರ ಕೆಳಗೆ ಪಹಣಿಯ ಪ್ರತಿ ಇದೆ. ಗಂಡ ತೀರಿಕೊಂಡು ಹನ್ನೊಂದು ವರ್ಷವಾದರೂ ಪಹಣಿಯಲ್ಲಿ ಇನ್ನೂ ಅವನ ಹೆಸರೇ ಇದೆ. ನಾಲ್ಕು ಗಂಡುಮಕ್ಕಳು. ಇಬ್ಬರು ಮುಂಬಯಿ, ಒಬ್ಬ ಬೆಂಗಳೂರು, ಊರಿನ ಜೊತೆ ನಂಟು ಉಳಿಸಿಕೊಂಡವನು ಗೋವೆಯಲ್ಲಿರುವವನೊಬ್ಬನೇ. ಪೌತಿ ಖಾತೆ ಮಾಡಿಸಲು ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲರ ಆಧಾರ್ ಬೇಕು. ಆಮೇಲೆ ಹಿಸ್ಸೆಯಾಗಬೇಕಾದರೆ ಎಲ್ಲರ ಸಹಿ ಬೇಕು. ಗ್ರಾಮ ಆಡಳಿತಾಧಿಕಾರಿ ಎರಡು ಸಲ ಹೇಳಿ ಹೋಗಿದ್ದಾರೆ. ಚೌತಿಗೆ ಎಲ್ಲರೂ ಬಂದಾಗ ಮಾತಾಡೋಣ ಎನ್ನುತ್ತಾರೆ. ಚೌತಿ ಬರುತ್ತದೆ, ಪಂಚಕಜ್ಜಾಯ ಖಾಲಿಯಾಗುತ್ತದೆ, ಪಹಣಿಯ ಮಾತು ಯಾರೂ ಎತ್ತುವುದಿಲ್ಲ.

ಸತ್ತವನ ಹೆಸರಿನ ಪಹಣಿಗೆ ಪಿಎಂ-ಕಿಸಾನ್ ದುಡ್ಡು ಬರುವುದಿಲ್ಲ. 2019ರ ಫೆಬ್ರವರಿಯಲ್ಲಿ ಶುರುವಾದ ಆ ಯೋಜನೆ ವರ್ಷಕ್ಕೆ 6,000 ರೂಪಾಯಿಯನ್ನು ಮೂರು ಕಂತಿನಲ್ಲಿ ಹಾಕುತ್ತದೆ. ಅದೇ ವರ್ಷ ಯಡಿಯೂರಪ್ಪನವರ ಸರ್ಕಾರ ಅದರ ಮೇಲೆ ರಾಜ್ಯದ 4,000 ಸೇರಿಸಿತ್ತು, ಮುಂದೆ ಅದು ನಿಂತಿತು. ಪಿಎಂ-ಕಿಸಾನಿಗೆ ಜಮೀನು ತಮ್ಮ ಹೆಸರಿನಲ್ಲಿರಬೇಕು. ಗೇಣಿಗೆ ಮಾಡುವವನಿಗಿಲ್ಲ, ಕಾಡಂಚಿನ ಅತಿಕ್ರಮಣದ ಜಾಗದಲ್ಲಿ ಬೆಳೆಯುವವನಿಗಿಲ್ಲ, ಅಜ್ಜನ ಹೆಸರಿನ ಗದ್ದೆಯಲ್ಲಿ ಬಗ್ಗಿ ನೆಡುವ ಸೊಸೆಗಂತೂ ಇಲ್ಲವೇ ಇಲ್ಲ. ಬೇರೆ ದಾರಿ ಇಲ್ಲವೆಂದಲ್ಲ. ಒಡಿಶಾ ಸರ್ಕಾರ ಅದೇ ಹೊತ್ತಿಗೆ ತಂದ 'ಕಾಲಿಯಾ' ಯೋಜನೆಯಲ್ಲಿ ಪಾಲಿಗೆ ಬೇಸಾಯ ಮಾಡುವವರನ್ನೂ ಭೂಮಿಯಿಲ್ಲದ ಕೂಲಿ ಕುಟುಂಬಗಳನ್ನೂ ಸೇರಿಸಿಕೊಂಡಿತ್ತು.

ಅಜ್ಜಿ ಕೊನೆಗೆ ಪಾಸ್‌ಬುಕ್ಕು ತೆಗೆದಳು, ಜೊತೆಗೆ ರೇಷನ್ ಕಾರ್ಡು. ಕಾರ್ಡು ತಿರುಗಿಸಿ ನೋಡಿ. ಕುಟುಂಬದ ಮುಖ್ಯಸ್ಥರು ಎಂಬಲ್ಲಿ ಅಜ್ಜಿಯ ಹೆಸರಿದೆ. 2013ರ ಆಹಾರ ಭದ್ರತಾ ಕಾಯ್ದೆ ಮನೆಯ ಹಿರಿಯ ಹೆಂಗಸನ್ನೇ ರೇಷನ್ ಕಾರ್ಡಿನ ಯಜಮಾನಿ ಎಂದು ಬರೆಯಿಸಿತು. ಹತ್ತು ವರ್ಷ ಅದು ಬರೀ ಅಕ್ಕಿಯ ಕಾರ್ಡಾಗಿತ್ತು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಾಗ ಆ ಒಂದು ಸಾಲಿಗೆ ತಿಂಗಳಿಗೆ 2,000 ರೂಪಾಯಿಯ ಬೆಲೆ ಬಂತು. ರಾಜ್ಯದಲ್ಲಿ ಕೋಟಿಗೂ ಮೇಲೆ ಹೆಂಗಸರ ಖಾತೆಗೆ ಹೋಗುವ ಈ ದುಡ್ಡು ಪಹಣಿ ಕೇಳುವುದಿಲ್ಲ. ಬೆಳಗಿನ ಮೆಸೇಜು ಅದರದೇ.

ನಡೆಯಿರಿ, ಹೊರಡೋಣ. ಮಳೆ ಮತ್ತೆ ಹಿಡಿದಿದೆ.

ಮೊದಲು ಸದಾಶಿವಗಡದ ಪೇಟೆ. ಸಣ್ಣ ಅಂಗಡಿಯೊಂದರಲ್ಲಿ ಬೆರಳಚ್ಚಿನ ಯಂತ್ರವಿಟ್ಟುಕೊಂಡ ಹುಡುಗ ಖಾತೆಯ ದುಡ್ಡು ತೆಗೆದುಕೊಡುತ್ತಾನೆ. ಅಜ್ಜಿ ಹೆಬ್ಬೆರಳು ಇಡುತ್ತಾಳೆ. ಯಂತ್ರ ಕೆಂಪು ದೀಪ ತೋರಿಸುತ್ತದೆ.

"ಅಮ್ಮಾ, ಕೈ ಒರೆಸಿಕೊಂಡು ಇಡಿ."

ಒರೆಸುತ್ತಾಳೆ. ಕೆಂಪು. ತೋರುಬೆರಳು ಇಡುತ್ತಾಳೆ. ಕೆಂಪು. ಆ ಹೆಬ್ಬೆರಳನ್ನು ಹತ್ತಿರದಿಂದ ನೋಡಿ. ಹದಿನೈದು ದಿನ ನೀರಿನಲ್ಲಿ ನೆನೆದ ಚರ್ಮ ಬೆಳ್ಳಗೆ ಉಬ್ಬಿದೆ, ಅಗೆ ಎಳೆದೆಳೆದು ಗೆರೆಗಳೆಲ್ಲ ಸವೆದಿವೆ. ಬೇಸಗೆಯಲ್ಲಿ ಹೊಂದಿಕೆಯಾಗುವ ಬೆರಳು ನಟ್ಟಿಯ ತಿಂಗಳಲ್ಲಿ ಹೊಂದುವುದಿಲ್ಲ. ದುಡ್ಡು ಬೇಕಾಗುವುದು ಆ ತಿಂಗಳಲ್ಲೇ. "ಕಾರವಾರಕ್ಕೇ ಹೋಗಿ ಅಮ್ಮಾ, ಬ್ಯಾಂಕಲ್ಲಿ ಸ್ಲಿಪ್ ಬರೆದರೆ ಕೊಡ್ತಾರೆ" ಎನ್ನುತ್ತಾನೆ ಹುಡುಗ.

ಕೆಂಪು ಬಸ್ಸು ಬರುತ್ತದೆ. ಅಜ್ಜಿ, ಮೊಮ್ಮಗಳು ಹತ್ತಿ ಆಧಾರ್ ತೋರಿಸುತ್ತಾರೆ, ಕಂಡಕ್ಟರು ಎರಡು ಸೊನ್ನೆ ಟಿಕೆಟ್ ಹರಿದು ಕೊಡುತ್ತಾರೆ. ಕಾಳಿಯ ಮೇಲೆ ಬಸ್ಸು ನಿಧಾನವಾಗುತ್ತದೆ. ಕೆಳಗೆ ನದಿ ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿದೆ. ಪಕ್ಕದಲ್ಲಿದ್ದ ಹಳೆಯ ಸೇತುವೆ ಹಿಂದಿನ ವರ್ಷ ಆಗಸ್ಟ್ 7ರ ನಡುರಾತ್ರಿ ಕುಸಿದು ಮೇಲಿದ್ದ ಲಾರಿಯ ಸಮೇತ ನೀರಿಗೆ ಬಿತ್ತು. ಪುಣ್ಯಕ್ಕೆ ಚಾಲಕ ಬದುಕಿದ. ಕಾಲೇಜು, ದೊಡ್ಡಾಸ್ಪತ್ರೆ, ಬ್ಯಾಂಕು, ಕಚೇರಿ ಎಲ್ಲವೂ ಆಚೆ ದಡದಲ್ಲಿರುವ ಊರಿಗೆ ಈಗ ಉಳಿದಿರುವುದು ಹೊಸ ಸೇತುವೆಯೊಂದೇ. ಹಿಂದಿನ ಸೀಟಿನಲ್ಲಿ ಯಾರೋ "ಎಲ್ಲ ಬಿಟ್ಟಿ ಭಾಗ್ಯ" ಎಂದು ಗೊಣಗುತ್ತಾರೆ. ಅಜ್ಜಿಗೆ ಕೇಳಿಸಿತೋ ಇಲ್ಲವೋ, ಕಿಟಕಿಯ ಗಾಜು ಎಳೆದುಕೊಳ್ಳುತ್ತಾಳೆ.

ಬ್ಯಾಂಕಿನಲ್ಲಿ ಒಂದೂವರೆ ತಾಸು. ಸಾಲಿನಲ್ಲಿ ನಿಂತಿರುವವರಲ್ಲಿ ಹೆಚ್ಚಿನವರು ಹೆಂಗಸರು, ಹೆಚ್ಚಿನವರ ಸೀರೆಯ ಅಂಚು ಕೆಸರಾಗಿದೆ. ಮೊಮ್ಮಗಳು ಪಾಸ್‌ಬುಕ್ಕು ಯಂತ್ರಕ್ಕೆ ಕೊಡುತ್ತಾಳೆ. ಅದು ಕರಕರ ಎಂದು ಅಚ್ಚು ಹಾಕಿದ ಪುಟವನ್ನು ನೀವೂ ಓದಬಹುದು. 2024ರ ಪುಟಗಳಲ್ಲಿ 2,000, 2,000 ಎಂದು ಸಾಲಾಗಿ ಇಳಿದಿದೆ. ಅವುಗಳ ನಡುನಡುವೆ 850. ಅದು ಅನ್ನಭಾಗ್ಯದ ದುಡ್ಡು. ಹೆಚ್ಚುವರಿ ಐದು ಕಿಲೋ ಅಕ್ಕಿ ಸಿಗದಾಗ ಕಿಲೋಗೆ 34ರಂತೆ ತಲೆಗೆ 170 ರೂಪಾಯಿ ಹಾಕುತ್ತಿದ್ದರು, ಐದು ತಲೆಗೆ 850. ಗದ್ದೆಯ ಕುಚ್ಚಲಕ್ಕಿ ಇರುವ ಮನೆಗೆ ಅಕ್ಕಿಗಿಂತ ಆ ದುಡ್ಡೇ ಒದಗುತ್ತಿತ್ತು, ಅದರಿಂದ ಎಣ್ಣೆ, ಬೇಳೆ, ಹುಡುಗನ ನೋಟ್‌ಬುಕ್ಕು ಬರುತ್ತಿತ್ತು. 2025ರ ಫೆಬ್ರವರಿಯಿಂದ ದುಡ್ಡಿನ ಬದಲು ಅಕ್ಕಿಯೇ ಬರತೊಡಗಿತು. ವಿಧವಾ ವೇತನದ 800 ಬೇರೆ ಸಾಲು. 2025ಕ್ಕೆ ಬಂದಾಗ ಪುಟದಲ್ಲಿ ಸಾಲುಗಳು ವಿರಳವಾಗುತ್ತವೆ. ಮೂರು ತಿಂಗಳಿನಿಂದ ಗೃಹಲಕ್ಷ್ಮಿ ಬಂದಿರಲಿಲ್ಲ.

ಈಗ ಆ ಹಿಡಿಕಡ್ಡಿಯ ಮಾತು. ಇಪ್ಪತ್ತು ವರ್ಷದಿಂದ ಈ ಮನೆಯ ಮಳೆಗಾಲದ ಪದ್ಧತಿ ಒಂದೇ. ಜೂನಿನಲ್ಲಿ ಸೊಸೆಯ ಓಲೆ ಅಡವಿಗೆ ಹೋಗುತ್ತದೆ, ಆ ದುಡ್ಡಿಗೆ ಟಿಲ್ಲರಿನ ಬಾಡಿಗೆ, ಗೊಬ್ಬರ. ಕೊಯ್ಲಾಗಿ ಹುಲ್ಲು ಮಾರಿ, ಗಂಡನ ಸಂಬಳ ಸೇರಿಸಿ, ದೀಪಾವಳಿಯ ಆಚೆಗೆ ಓಲೆ ಮನೆಗೆ ಬರುತ್ತದೆ, ಬಡ್ಡಿಯನ್ನು ಅಲ್ಲೇ ಬಿಟ್ಟು. 2024ರ ಜೂನಿನಲ್ಲಿ ಮೊದಲ ಸಲ ಓಲೆ ಕಿವಿಯಲ್ಲೇ ಉಳಿಯಿತು. ತಿಂಗಳು ತಿಂಗಳು ಬಂದ ದುಡ್ಡಿನಲ್ಲಿ ಅಜ್ಜಿ ಸ್ವಲ್ಪ ಸ್ವಲ್ಪ ಎತ್ತಿಟ್ಟಿದ್ದಳು. ಕಿರಾಣಿಯವನೂ ಉದ್ರಿ ಪುಸ್ತಕದಲ್ಲಿ 'ಗೃಹಲಕ್ಷ್ಮಿ ಬಂದ ಮೇಲೆ' ಎಂದು ಬರೆದುಕೊಂಡು ಸಾಮಾನು ಕೊಡುತ್ತಿದ್ದ. ಇಂಥ ದಿನ ಬರುತ್ತದೆ ಎಂಬ ನಂಬಿಕೆಯ ಮೇಲೆ ಅವನು ಬಡ್ಡಿಯಿಲ್ಲದ ಸಾಲ ಕೊಟ್ಟ. ಈ ವರ್ಷ ದಿನ ತಪ್ಪಿತು, ಪುಸ್ತಕ ಮುಚ್ಚಿತು, ಓಲೆ ಮತ್ತೆ ಹೋಯಿತು.

ದುಡ್ಡಿನ ಮೊತ್ತಕ್ಕಿಂತ ಬರುವ ತಾರೀಖು ದೊಡ್ಡದು ಎಂದು ನಾನು ಕಲಿತದ್ದು ಈ ಕಿವಿಯಿಂದ. ಮಧ್ಯಪ್ರದೇಶದ ಎಂಟು ಹಳ್ಳಿಗಳಲ್ಲಿ 2011–12ರಲ್ಲಿ 'ಸೇವಾ' ಸಂಘಟನೆ, ಯುನಿಸೆಫ್ ನೆರವಿನಿಂದ, ಪ್ರತಿಯೊಬ್ಬ ವಯಸ್ಕರಿಗೂ ತಿಂಗಳಿಗೆ 200 ರೂಪಾಯಿ, ಆಮೇಲೆ 300, ಯಾವ ಷರತ್ತೂ ಇಲ್ಲದೆ ಕೊಟ್ಟು ನೋಡಿತ್ತು. ದುಡ್ಡು ಸಿಕ್ಕಿದ ಸಣ್ಣ ರೈತರು ಸೋಮಾರಿಗಳಾಗಲಿಲ್ಲ. ಕೂಲಿಗೆ ಹೋಗುವುದನ್ನು ಕಡಿಮೆ ಮಾಡಿ ಸ್ವಂತ ಹೊಲದಲ್ಲಿ ಹೆಚ್ಚು ದುಡಿದರು, ಬೀಜ ಗೊಬ್ಬರಕ್ಕೆ, ಆಡು ಕೋಳಿಗೆ ಹಾಕಿದರು. ಆ ದುಡ್ಡು ಚಿಕ್ಕದಾಗಿತ್ತು, ಆದರೆ ತಿಂಗಳು ತಪ್ಪುತ್ತಿರಲಿಲ್ಲ. ಪಿಎಂ-ಕಿಸಾನಿನ ಏಪ್ರಿಲ್–ಜುಲೈ ಕಂತು 2025ರಲ್ಲಿ ರೈತರ ಖಾತೆಗೆ ಬಿದ್ದದ್ದು ಆಗಸ್ಟ್ 2ಕ್ಕೆ. ಕರಾವಳಿಯಲ್ಲಿ ಅಷ್ಟೊತ್ತಿಗೆ ನೆಟ್ಟ ಸಸಿ ಬೇರು ಹಿಡಿದಿರುತ್ತದೆ.

ಅಜ್ಜಿ ನಾಲ್ಕು ಐನೂರರ ನೋಟನ್ನು ಎಣಿಸಿ, ಮಡಿಸಿ, ಪ್ಲಾಸ್ಟಿಕ್ ಕೊಟ್ಟೆಯಲ್ಲಿಟ್ಟು ಕುಬಸದೊಳಗೆ ತುರುಕುತ್ತಾಳೆ. ಮತ್ತೆ ಸೊನ್ನೆ ಟಿಕೆಟ್, ಮತ್ತೆ ಕಾಳಿ.

ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಹೀಗೆ: ಡಿಎಪಿ ಒಂದು ಚೀಲ, 1,350. ಯೂರಿಯಾ ಎರಡು ಚೀಲ, ಒಂದಕ್ಕೆ 266 ರೂಪಾಯಿ 50 ಪೈಸೆ. ಒಟ್ಟು 1,883. ಉಳಿದದ್ದು 117. ಚೀಲ ಮನೆಗೆ ಹೊರುವ ಗೂಡ್ಸ್ ರಿಕ್ಷಾಕ್ಕೆ ನೂರು. ಇನ್ನುಳಿದದ್ದು ಹದಿನೇಳು. ಹೋಗಿಬರುವ ಬಸ್ಸಿನ ದುಡ್ಡು ಕೊಡಬೇಕಾಗಿದ್ದರೆ ಲೆಕ್ಕ ಕೂಡುತ್ತಲೇ ಇರಲಿಲ್ಲ. ಬಿಟ್ಟಿ ಎಂದು ಗೊಣಗಿದವನಿಗೆ ಈ ಕೂಡಿಸುವ ಕಳೆಯುವ ಲೆಕ್ಕ ತೋರಿಸಬೇಕಿತ್ತು, ಅವನು ಕೋಡಿಬಾಗದಲ್ಲೇ ಇಳಿದುಹೋದ.

ಆದರೆ ಗೊಬ್ಬರಕ್ಕೂ ಬೆರಳು ಬೇಕು. ಸಬ್ಸಿಡಿಯ ಚೀಲವಾದ್ದರಿಂದ ಅಂಗಡಿಯವನು ಆಧಾರ್ ಕೇಳಿ ಯಂತ್ರ ಮುಂದೆ ಹಿಡಿಯುತ್ತಾನೆ. ಅಜ್ಜಿಯ ಹೆಬ್ಬೆರಳಿಗೆ ಮತ್ತೆ ಕೆಂಪು.

"ತಂಗೀ, ನಿನ್ನದು ಇಡು" ಎನ್ನುತ್ತಾನೆ ಮೊಮ್ಮಗಳಿಗೆ. ಪೆನ್ನು ಹಿಡಿಯುವ ಮೆದು ಬೆರಳು. ಹಸಿರು ದೀಪ, ರಸೀದಿ. ಸರ್ಕಾರದ ಕಂಪ್ಯೂಟರಿನಲ್ಲಿ ಈ ಸಲದ ಗೊಬ್ಬರ ಕೊಂಡ ರೈತಳು ಹದಿನೇಳು ವರ್ಷದ ಹುಡುಗಿ. ಅವಳು ಈವರೆಗೆ ಒಂದು ಸಾಲೂ ನೆಟ್ಟಿಲ್ಲ.

ಸಂಜೆ ಐದಕ್ಕೆ ಗದ್ದೆಗೆ ಮರಳಿ ಬನ್ನಿ. ನಟ್ಟಿ ಮುಗಿದಿದೆ. ಬೆಳಿಗ್ಗೆ ಕಂದುಬಣ್ಣದ ಕನ್ನಡಿಯಂತಿದ್ದ ಗದ್ದೆಯಲ್ಲಿ ಈಗ ತೆಳು ಹಸಿರು ಗೆರೆಗಳು. ಮುಯ್ಯಾಳಿನವರು ಚಾ ಕುಡಿದು ಹೋದರು. ಮೀನುಗಾರಿಕೆ ನಿಷೇಧದ ತಿಂಗಳು, ಸಮುದ್ರದ ಮೀನಿಲ್ಲ. ಒಲೆಯ ಮೇಲೆ ಒಣ ಬಂಗುಡೆಯ ಸಾರು ಕುದಿಯುತ್ತಿದೆ. ಸೊಸೆ ಕಾಲು ತೊಳೆದು ಜಗಲಿಯ ಮೇಲೆ ಕೂತು ಬೆನ್ನು ಗೋಡೆಗೆ ಒರಗಿಸುತ್ತಾಳೆ. ಮೂರು ಚೀಲ ಮೂಲೆಯಲ್ಲಿ ತಾಡಪತ್ರಿಯ ಕೆಳಗಿವೆ.

"ಆಯಿ, ಅಂಗಡಿಯ ಉದ್ರಿ?"

"ಮುಂದಿನದು ಬರಲಿ."

"ಓಲೆ?"

ಅಜ್ಜಿ ಉತ್ತರ ಕೊಡುವುದಿಲ್ಲ. ಹದಿನೇಳು ರೂಪಾಯಿಯನ್ನು ಪಾಸ್‌ಬುಕ್ಕಿನ ನಡುವೆ ಇಟ್ಟು ಪೆಟ್ಟಿಗೆ ಮುಚ್ಚುತ್ತಾಳೆ. ಎರಡು ಸಾವಿರ ಅತ್ತೆಯ ಕೈಗೆ ಬರುವುದರಿಂದ ಕೇಳುವ ಸರದಿ ಸೊಸೆಯದೇ. ಒಂದು ಕಾಲದಲ್ಲಿ ಇದೇ ಜಗಲಿಯಲ್ಲಿ ಅಜ್ಜಿ ಗಂಡನನ್ನು ಕೇಳುತ್ತಿದ್ದಳು. ಕೇಳಿಸಿಕೊಳ್ಳುವವರು ಬದಲಾಗಿದ್ದಾರೆ, ಅದು ಸಣ್ಣ ಬದಲಾವಣೆಯಲ್ಲ. ಕೇಳುವ ಹೆಂಗಸು ಮಾತ್ರ ಇನ್ನೂ ಅಲ್ಲೇ ಕೂತಿದ್ದಾಳೆ. ನಾಳೆ ಅಜ್ಜಿ ಕಣ್ಣು ಮುಚ್ಚಿದರೆ ಆ ಎರಡು ಸಾವಿರವೂ ನಿಲ್ಲುತ್ತದೆ. ಕಾರ್ಡು ತಿದ್ದಿಸಿ, ಹೊಸ ಅರ್ಜಿ ಕೊಟ್ಟು, ಮತ್ತೆ ಕಾಯಬೇಕು.

ಬೆಳಗಿನಿಂದ ನಾವು ನೋಡಿದ ಕಾಗದಗಳನ್ನು ಒಮ್ಮೆ ಎಣಿಸೋಣ. ಪಹಣಿಯಲ್ಲಿ ಸತ್ತ ಅಜ್ಜ. ಪಾಸ್‌ಬುಕ್ಕಿನಲ್ಲಿ ಅಜ್ಜಿ. ಗೊಬ್ಬರದ ರಸೀದಿಯಲ್ಲಿ ಮೊಮ್ಮಗಳು. ಇಡೀ ದಿನ ಕೆಸರಿನಲ್ಲಿ ಬಗ್ಗಿ ನಿಂತು, ಓಲೆ ಅಡವಿಟ್ಟು ಈ ಗದ್ದೆಯನ್ನು ಹಸಿರು ಮಾಡಿದವಳನ್ನು ರೈತಳು ಎಂದು ಕರೆಯುವ ಕಾಗದ ಒಂದೂ ಇಲ್ಲ. ನೇರವಾಗಿ ಕೈಗೆ ಬರುವ ದುಡ್ಡು ಈ ಮನೆಗೆ ಒಳ್ಳೆಯದನ್ನೇ ಮಾಡಿದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಸರ್ಕಾರದ ದುಡ್ಡು ಕಾಗದದ ಹಿಂದೆ ಹೋಗುತ್ತದೆ, ಬೆವರಿನ ಹಿಂದೆ ಹೋಗುವುದಿಲ್ಲ. ತಾರೀಖು ತಪ್ಪದಂತೆ ನೋಡಿಕೊಳ್ಳುವುದು ಸರ್ಕಾರದ ಕೆಲಸ. ಕಾಗದ ಸರಿಮಾಡುವುದರಲ್ಲಿ ಅರ್ಧ ಕೆಲಸ ಮನೆಯವರದು.

ಇದನ್ನು ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಕೂತು ಓದುತ್ತಿರುವ, ಊರಿನ ಗದ್ದೆಯಲ್ಲಿ ಪಾಲಿರುವ ಅಣ್ಣತಮ್ಮಂದಿರಿಗೆ ಒಂದು ಮಾತು. ನಿಮ್ಮ ಮನೆಯ ಪಹಣಿಯನ್ನು ಒಮ್ಮೆ ತೆಗೆದು ನೋಡಿ. ತೀರಿಹೋದ ಅಪ್ಪನ ಹೆಸರೇ ಇದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ನಿಮ್ಮ ತಾಯಿ ಅದರ ಮೊದಲ ದರ್ಜೆಯ ವಾರಸುದಾರಳು. ಅವಳ ಹೆಸರು, ನಿಮ್ಮ ಹೆಸರು ಸೇರಲಿ. ಗದ್ದೆ ಮಾಡುವವರ ಪಾಲಿಗೆ ಒಂದು ತುಂಡು ಹಿಸ್ಸೆಯಾಗಲಿ, ಅದರಲ್ಲಿ ನೆಡುವವಳ ಹೆಸರೂ ಇರಲಿ. ನಟ್ಟಿಗೆ ಬರಲು ನಿಮಗೆ ಆಗದಿರಬಹುದು. ಈ ಚೌತಿಗೆ ಬಂದಾಗ ಒಂದು ದಿನ ಹೆಚ್ಚು ಉಳಿದು, ನಾಡಕಚೇರಿಗೆ ಹೋಗಿ ಸಹಿ ಹಾಕಿ ಹೋಗಿ.